ಹೊಸ ಕ್ಯಾರವಾನ್, ಹಳೆ ಮಾಳಿಗೆ ಬುದ್ಧಿ: ಸೋರಿಕೆ, ಫ್ರಿಜ್, ಎಳೆತ ಹುಡುಕಿದ ಬಗೆ

ಜುಲೈ ಮೊದಲ ವಾರ. ಬೆಳಗಾವಿಯಲ್ಲಿ ಮಳೆ ಹಿಡಿದು ಮೂರು ದಿನ ಆಗಿತ್ತು. ಮನೆ ಮುಂದೆ ನಿಂತಿದ್ದ ಹೊಸ ಕ್ಯಾರವಾನ್ (ಮಲಗೋಕೆ, ಅಡುಗೆಗೆ ಎಲ್ಲಾ ಅನುಕೂಲ ಇರೋ ಮನೆಯಂಥ ಗಾಡಿ) ಒಳಗೆ ಹೋಗಿ ನೋಡಿದರೆ, ಹಿಂದಿನ ಹಾಸಿಗೆಯ ಮೇಲೆ ಬಲಗಡೆ ಮೂಲೆಯ ಸೀಲಿಂಗ್‌ನಲ್ಲಿ ಚಹಾ ಚೆಲ್ಲಿದ ಹಾಗೆ ಒಂದು ಕಲೆ. ಬೆರಳಿಟ್ಟರೆ ತಣ್ಣಗೆ, ಮೆತ್ತಗೆ. ಗಾಡಿ ಕೈಗೆ ಬಂದು ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಬಾಡಿ ಕಟ್ಟಿದವರಿಗೆ ಫೋನ್ ಮಾಡಿದೆ. ಅವರ ಊರು ಇಲ್ಲಿಂದ ಒಂದು ದಿನದ ದಾರಿ. "ಅದು ಹಂಗ ಇರ್ತದ್ರಿ ಸರ, ಹೊಸಾ ಗಾಡಿ ಅಲ್ಲೇನ್ರಿ. ಕಲಿ ಬಿದ್ದ ಜಾಗಾಕ್ಕ ಮ್ಯಾಲಿಂದ ಸ್ವಲ್ಪ ಸಿಲಿಕಾನ್ ಹೊಡಸ್ರಿ, ನಿಂತಬಿಡ್ತದ" ಅಂದರು. ಹೊಡೆಸಿದೆ. ನಿಲ್ಲಲಿಲ್ಲ.

ಅವ್ವ ಬಾಗಲಕೋಟೆ ಕಡೆಯವಳು, ಮಣ್ಣಿನ ಮಾಳಿಗೆ (ಸಪಾಟು ಚಾವಣಿ) ಮನೆಯಲ್ಲಿ ಬೆಳೆದವಳು. ಕಲೆ ನೋಡಿ ನಕ್ಕಳು. "ಮಾಳಿಗಿ ಸೋರೂದು ಒಂದ್ ಕಡೆ, ತೂತು ಇನ್ನೊಂದ್ ಕಡೆ ಇರ್ತೈತಿ. ನೀ ಸೋರೂ ಜಾಗಾಕ್ಕ ಮದ್ದ ಹಚ್ಚಾಕತ್ತಿ" ಅಂದಳು. ಆಮೇಲೆ ಈ ಗಾಡಿಯಲ್ಲಿ ನಾನು ಹುಡುಕಿದ ಒಂದೊಂದು ದೋಷವೂ ಇದೇ ತರಹ ಆಯ್ತು. ಕೆಟ್ಟದ್ದು ಕಾಣಿಸೋದು ಒಂದು ಕಡೆ, ಕೆಟ್ಟಿರೋದು ಇನ್ನೊಂದು ಕಡೆ. ಇದು ಗೊತ್ತಿಲ್ಲದೆ ನಾನು ಎರಡು ತಿಂಗಳು ಮತ್ತು ಸುಮಾರು ದುಡ್ಡು ಕಳೆದೆ. ನೀವು ಕಳೀಬೇಡಿ ಅಂತ ಬರೀತಾ ಇದ್ದೇನೆ.

ನೀರು ಸೋರಿದರೆ

ಮೊದಲು ಅದು ಮಳೆ ನೀರೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಮಳೆ ಇಲ್ಲದ ದಿನ ಏಸಿ ಹಾಕಿದಾಗ ಒದ್ದೆ ಆದರೆ ಅದು ಏಸಿಯಿಂದ ಇಳಿಯೋ ನೀರು, ಅದರ ಡ್ರೈನ್ ಪೈಪ್ ಕಟ್ಟಿರುತ್ತೆ ಅಥವಾ ಕಳಚಿರುತ್ತೆ. ಚಳಿಗಾಲದ ಬೆಳಗ್ಗೆ, ರಾತ್ರಿ ಎಲ್ಲರೂ ಒಳಗೆ ಮಲಗಿದ ಮೇಲೆ, ಕಿಟಕಿ ಚೌಕಟ್ಟು ಮತ್ತು ಕಬ್ಬಿಣದ ಮೇಲೆ ಹನಿ ಕೂತರೆ ಅದು ನಮ್ಮ ಉಸಿರಿನ ನೀರು, ದೋಷ ಅಲ್ಲ, ಮೇಲಿನ ಕಿಂಡಿ ಸ್ವಲ್ಪ ತೆಗೆದಿಟ್ಟರೆ ಸಾಕು. ಮಳೆ ಬಂದು ಕೆಲವು ಗಂಟೆ ಆದಮೇಲೆ ಕಲೆ ದೊಡ್ಡದಾದರೆ ಮಾತ್ರ ಮೇಲೆ ಹತ್ತಿ.

ನಮ್ಮದು ಮಳೆ ನೀರೇ. ಆದರೆ ಎಲ್ಲಿಂದ? ಮೇಲೆ ಮೂರು ಅನುಮಾನದ ಜಾಗ ಇದ್ದವು: ಗಾಳಿ ಕಿಂಡಿಯ ಚೌಕಟ್ಟು, ಸೋಲಾರ್ ಪ್ಯಾನೆಲ್ ಕೂರಿಸಿದ ಬ್ರಾಕೆಟ್‌ಗಳು, ಸೋಲಾರ್ ವೈರ್ ಒಳಗೆ ಇಳಿಯೋ ತೂತು. ಕಲೆಗೆ ಹತ್ತಿರ ಇದ್ದದ್ದು ಗಾಳಿ ಕಿಂಡಿ. ಹಾಗಾಗಿ ಎಲ್ಲರೂ ಅದಕ್ಕೇ ಸಿಲಿಕಾನ್ ಹಚ್ಚಿದ್ದರು.

ಪೈಪ್ ಹಿಡಿದು ಪರೀಕ್ಷೆ ಮಾಡುವಾಗ ಒಂದು ಕ್ರಮ ಇದೆ. ಕೆಳಗಿಂದ ಮೇಲಕ್ಕೆ ಹೋಗಬೇಕು. ಮೊದಲು ಕಿಟಕಿ ಮಟ್ಟ, ಆಮೇಲೆ ಗೋಡೆ ಮತ್ತು ಚಾವಣಿ ಸೇರೋ ಜಾಗ, ಕೊನೆಗೆ ಚಾವಣಿ. ಮೊದಲೇ ಮೇಲೆ ನೀರು ಬಿಟ್ಟರೆ ಅದು ಕೆಳಗೆ ಎಲ್ಲಾ ಕಡೆ ಹರಿದು ಯಾವುದು ಸೋರಿತು ಅಂತ ಗೊತ್ತೇ ಆಗಲ್ಲ. ಒಂದೊಂದು ಜಾಗಕ್ಕೆ ಹತ್ತು ಹದಿನೈದು ನಿಮಿಷ ಕೊಡಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತಿರಲಿ. ಜೋರಾಗಿ ಹೊಡೆಯೋ ವಾಷಿಂಗ್ ಸೆಂಟರ್ ಪ್ರೆಶರ್ ಬೇಡ. ಅದು ಚೆನ್ನಾಗಿರೋ ಸೀಲನ್ನೂ ಕಿತ್ತು ಹಾಕುತ್ತೆ. ಮಳೆ ಹಾಗೆ ಸುಮ್ನೆ ಹರಿಯಬೇಕು.

ಸೀಲಿಂಗ್ ಪ್ಲೈ ಬಿಚ್ಚದೆ ಒಳಗೆ ನೋಡೋದು ಹೇಗೆ? ಸೀಲಿಂಗ್‌ನಲ್ಲಿ ದುಂಡಗಿನ ಎಲ್‌ಇಡಿ ದೀಪಗಳಿರುತ್ತವಲ್ಲ, ಅವು ಸ್ಪ್ರಿಂಗ್ ಮೇಲೆ ನಿಂತಿರುತ್ತವೆ. ಕರೆಂಟ್ ಆಫ್ ಮಾಡಿ ಮೆಲ್ಲಗೆ ಎಳೆದರೆ ಕೆಳಗೆ ಬರುತ್ತವೆ. ಆ ತೂತಿನಲ್ಲಿ ಕೈ ಹೋಗುತ್ತೆ, ಫೋನ್ ಕ್ಯಾಮೆರಾ ಹೋಗುತ್ತೆ. ಇಲ್ಲಿ ಅವ್ವನ ಉಪಾಯ ಬಂತು. ವಿಭೂತಿ ಗಟ್ಟಿ ತಂದು, ಪುಡಿ ಮಾಡಿ, ಮೂರು ದೀಪದ ತೂತಿನಿಂದಲೂ ಒಳಗಿನ ಕಬ್ಬಿಣದ ಪಟ್ಟಿಗೆ ಬೆರಳಿನಿಂದ ಒಣಗಿದ್ದನ್ನೇ ಸವರಿದೆ. ರಂಗೋಲಿ ಪುಡಿಯೂ ಆಗುತ್ತೆ, ಆದರೆ ವಿಭೂತಿ ನಯ, ಮೇಲ್ಮುಖವಾಗಿ ಹಚ್ಚಿದರೂ ಅಂಟಿಕೊಂಡು ನಿಲ್ಲುತ್ತೆ. ನೀರು ಹರಿದ ಕಡೆ ಬಿಳಿ ಅಳಿಸಿ ಬೂದು ಗೆರೆ ಬೀಳುತ್ತೆ.

ಗಾಳಿ ಕಿಂಡಿಗೆ ಹದಿನೈದು ನಿಮಿಷ ನೀರು ಬಿಟ್ಟೆವು. ಏನೂ ಇಲ್ಲ. ಬ್ರಾಕೆಟ್‌ಗಳಿಗೆ ಬಿಟ್ಟೆವು. ಇಲ್ಲ. ಗಾಡಿಯ ಮುಂಭಾಗದಲ್ಲಿ, ಕಲೆಯಿಂದ ಎಂಟು ಅಡಿ ದೂರದಲ್ಲಿ, ಸೋಲಾರ್ ವೈರ್ ಇಳಿಯೋ ತೂತಿನ ಮೇಲೆ ಪೈಪ್ ಇಟ್ಟು ಏಳು ನಿಮಿಷ ಆಗಿತ್ತು ಅಷ್ಟೇ, ಒಳಗಿಂದ ಮಗಳು ಕೂಗಿದಳು, "ಪಪ್ಪಾ, ಗೆರಿ ಬಂತು!" ಮುಂದಿನ ದೀಪದ ಹತ್ತಿರ ಪಟ್ಟಿ ಮೇಲೆ ಹೆಬ್ಬೆರಳಗಲದ ಬೂದು ಗೆರೆ. ಅಲ್ಲಿಂದ ಪಟ್ಟಿ ಹಿಡಿದು ಹಿಂದಕ್ಕೆ ಹರಿದಿತ್ತು. ಯಾಕೆ ಹಿಂದಕ್ಕೆ ಅಂದರೆ ನಮ್ಮ ಮನೆ ಮುಂದೆ ರಸ್ತೆ ಇಳಿಜಾರು, ಗಾಡಿಯ ಹಿಂಭಾಗ ತಗ್ಗಿನಲ್ಲಿ ನಿಲ್ಲುತ್ತೆ. ಗಾಡಿ ತಿರುಗಿಸಿ ನಿಲ್ಲಿಸಿದ್ದರೆ ಕಲೆ ಡ್ರೈವರ್ ತಲೆ ಮೇಲೆ ಬೀಳುತ್ತಿತ್ತು.

ವೈರ್ ಇಳಿಯೋ ಜಾಗದ ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿದರೆ, ವೈರಿಗಿಂತ ದೊಡ್ಡ ತೂತು ಕೊರೆದು ಉಳಿದ ಸಂದಿಗೆ ಸಿಲಿಕಾನ್ ತುಂಬಿದ್ದರು. ಮಾರ್ಚ್‌ನಲ್ಲಿ ಗಾಡಿ ಬಂತು. ಏಪ್ರಿಲ್, ಮೇ ಎರಡು ತಿಂಗಳು ವಿಜಯಪುರ ಕಡೆ ಓಡಾಡಿದ್ದೆವು. ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಚಾವಣಿ ತಗಡು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತೆ. ತಗಡು ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಸಿಲಿಕಾನ್ ಒಂದು ಅಂಚಿನಲ್ಲಿ ಬಿಟ್ಟುಕೊಂಡಿತ್ತು. ಮಳೆ ಬರೋವರೆಗೂ ಯಾರಿಗೂ ಕಾಣಲಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಯಲ್ಲಿ ಗಾಡಿ ತಗೊಳ್ಳೋರಿಗೆ ನನ್ನ ಒಂದೇ ಮಾತು, ಬೇಸಿಗೆಯಲ್ಲಿ ತಗೊಂಡಿದ್ದರೆ ಮಳೆಗಾಲ ಕಾಯಬೇಡಿ, ಈಗಲೇ ಪೈಪ್ ಹಿಡೀರಿ. ಖಾನಾಪುರ, ಜಾಂಬೋಟಿ ಮಳೆಯಲ್ಲಿ ಗೊತ್ತಾಗೋ ಹೊತ್ತಿಗೆ ಒಳಗಿನ ಪ್ಲೈ ಊದಿರುತ್ತೆ.

ರಿಪೇರಿ ವಿಷಯಕ್ಕೆ ಬಂದರೆ, ಹಳೆ ಸಿಲಿಕಾನ್ ಮೇಲೆ ಮತ್ತೆ ಏನು ಹಚ್ಚಿದರೂ ಹಿಡಿಯಲ್ಲ. ಸಿಲಿಕಾನ್ ಮೇಲೆ ಹೊಸ ಸಿಲಿಕಾನೂ ಸರಿಯಾಗಿ ಕೂರಲ್ಲ. ಪೂರ್ತಿ ಕೆರೆದು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿಸಿ, ಆಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಬೇಕು. ಅಲ್ಲಾಡೋ ಜೋಡಣೆಗೆ ಅದೇ ಸರಿ. ವೈರಿಗೆ ಹೊಂದೋ ಅಳತೆಯ ರಬ್ಬರ್ ಗ್ಲಾಂಡ್ (ವೈರ್ ಸುತ್ತ ಬಿಗಿಯಾಗಿ ಕೂತು ತೂತು ಮುಚ್ಚೋ ಬಿರಡೆ) ಬೇಕೇ ಬೇಕು. "ಮ್ಯಾಲ ಒಂದ್ ಕೋಟ್ ಹೊಡದ್ರ ಸಾಕ್ರಿ" ಅನ್ನೋರಿಗೆ ಗಾಡಿ ಕೊಡಬೇಡಿ.

ರಾತ್ರಿ ಮಾತ್ರ ನಿಲ್ಲೋ ಫ್ರಿಜ್

ಇದು ನನ್ನ ತಲೆ ಜಾಸ್ತಿ ತಿಂದ ಕೇಸು. ಕೂಡಲಸಂಗಮದಲ್ಲಿ ಎರಡು ರಾತ್ರಿ ಇದ್ದೆವು. ಎರಡೂ ಬೆಳಗ್ಗೆ ಹಾಲು ಒಡೆದಿತ್ತು. ಆದರೆ ಎದ್ದು ನೋಡಿದರೆ ಫ್ರಿಜ್ ಓಡ್ತಾ ಇದೆ! ಬ್ಯಾಟರಿ ತುಂಬಿದೆ. ಫ್ರಿಜ್ ಕಂಪನಿಯವರು ಬಂದು ನೋಡಿ ಫ್ರಿಜ್ ಸರಿ ಇದೆ ಅಂದರು. ಬಾಡಿ ಕಟ್ಟಿದವರು ಫ್ರಿಜ್ಜೇ ಸರಿ ಇಲ್ಲ ಅಂದರು. ಅವರ ಶೆಡ್‌ಗೆ ಒಯ್ದರೆ ಎರಡು ದಿನ ಅಲ್ಲಿ ಸರಾಗವಾಗಿ ಓಡಿತು. ನಾನು ಸುಳ್ಳು ಹೇಳ್ತಿದ್ದೇನೆ ಅನ್ನೋ ಹಾಗೆ ನೋಡಿದರು.

ಒಂದು ಮಲ್ಟಿಮೀಟರ್ ತಗೊಳ್ಳಿ. ದುಬಾರಿಯದು ಬೇಡ. ಅಳೆಯೋದು ಎರಡು ಕಡೆ: ಬ್ಯಾಟರಿ ಟರ್ಮಿನಲ್ ಮೇಲೆ ಒಂದು ಸಲ, ಫ್ರಿಜ್‌ಗೆ ವೈರ್ ಸೇರೋ ಜಾಗದಲ್ಲಿ ಒಂದು ಸಲ. ಮುಖ್ಯ ವಿಷಯ, ಫ್ರಿಜ್ ಓಡ್ತಾ ಇರುವಾಗಲೇ ಅಳೀಬೇಕು. ಏನೂ ಓಡದೆ ಇದ್ದಾಗ ಎರಡೂ ಕಡೆ ಒಂದೇ ಅಂಕಿ ತೋರಿಸುತ್ತೆ, ಯಾವ ದೋಷವೂ ಕಾಣಲ್ಲ. ನೀರಿನ ಪೈಪ್ ಹಾಗೆ ಅಂದುಕೊಳ್ಳಿ, ನಲ್ಲಿ ಮುಚ್ಚಿದ್ದಾಗ ಪೈಪ್ ಸಣ್ಣದೋ ದೊಡ್ಡದೋ ಹೇಗೆ ಗೊತ್ತಾಗಬೇಕು?

ನಮ್ಮದು 12 ವೋಲ್ಟ್‌ನ ಲಿಥಿಯಂ ಬ್ಯಾಟರಿ. ಬ್ಯಾಟರಿ ಮೇಲೆ 13.1. ಫ್ರಿಜ್ ಒಂದೇ ಓಡುವಾಗ ಅದರ ತುದಿಯಲ್ಲಿ 12.2. ಇದೇ ಜಾಸ್ತಿ ಇಳಿತ. ಚಾವಣಿಯ ಎರಡು ಫ್ಯಾನ್ ಹಾಕಿದೆ, 11.4. ಆಗ ಹೆಂಡತಿ ಒಳಗೆ ಕೈ ತೊಳೆಯೋಕೆ ನಲ್ಲಿ ತಿರುಗಿಸಿದಳು, ನೀರಿನ ಪಂಪ್ ಗುರ್ ಅಂತು, ಮೀಟರ್‌ನಲ್ಲಿ 10.4 ಬಂತು, ಫ್ರಿಜ್ ಟಕ್ ಅಂತ ನಿಂತಿತು. ನಲ್ಲಿ ಮುಚ್ಚಿದಳು. ಫ್ರಿಜ್ ಮತ್ತೆ ಶುರುವಾಗಲಿಲ್ಲ.

ಫ್ರಿಜ್‌ನ ಪುಸ್ತಕ ತೆಗೆದೆ. ಬ್ಯಾಟರಿ ಪೂರ್ತಿ ಖಾಲಿಯಾಗದ ಹಾಗೆ ಅದರಲ್ಲಿ ಒಂದು ಕಾವಲು ಇದೆ. ಅದನ್ನು ಇಟ್ಟಿದ್ದ ಮಟ್ಟದಲ್ಲಿ 11.1ಕ್ಕಿಂತ ಕೆಳಗೆ ಹೋದರೆ ನಿಲ್ಲುತ್ತೆ, 12.4 ದಾಟಿದ ಮೇಲೇ ಮತ್ತೆ ಶುರು. ಈಗ ಲೆಕ್ಕ ಕೂಡಿತು. ರಾತ್ರಿ ಫ್ಯಾನ್ ಓಡ್ತಾ ಇರುತ್ತೆ. ಯಾರೋ ಎದ್ದು ಬಾತ್‌ರೂಮಿಗೆ ಹೋಗ್ತಾರೆ, ಪಂಪ್ ಓಡುತ್ತೆ, ಫ್ರಿಜ್ ನಿಲ್ಲುತ್ತೆ. ಫ್ಯಾನ್ ಇರೋವರೆಗೂ ಅಲ್ಲಿ 12.2ಕ್ಕಿಂತ ಮೇಲೆ ಬರಲ್ಲ, ಹಾಗಾಗಿ ಬೆಳಗಿನವರೆಗೂ ನಿಂತೇ ಇರುತ್ತೆ. ಬೆಳಗ್ಗೆ ಫ್ಯಾನ್ ಆರಿಸ್ತೀವಿ, ಫ್ರಿಜ್ ತಾನಾಗೇ ಓಡುತ್ತೆ, ಏನೂ ಆಗಿಲ್ಲ ಅನ್ನೋ ಹಾಗೆ! ಶೆಡ್‌ನಲ್ಲಿ ಯಾಕೆ ನಿಲ್ಲಲಿಲ್ಲ? ಅಲ್ಲಿ ಗಾಡಿಗೆ ಹೊರಗಿನ ಕರೆಂಟ್ ಕೊಟ್ಟು ಚಾರ್ಜರ್ ಹಾಕಿದ್ದರು, ಬ್ಯಾಟರಿ ಹತ್ತಿರ 14.2 ಇರುತ್ತೆ, ಎಷ್ಟು ಇಳಿದರೂ 11.1ರ ಮೇಲೇ ನಿಲ್ಲುತ್ತೆ.

ಮೂಲ ಏನು ಅಂದರೆ, ಫ್ರಿಜ್, ಫ್ಯಾನ್, ಪಂಪ್ ಮೂರಕ್ಕೂ ಒಂದೇ ವೈರ್, ಅದೂ 1.5 ಚದರ ಮಿ.ಮೀ. ದಪ್ಪದ್ದು. ಮನೆ ವೈರಿಂಗ್‌ನಲ್ಲಿ ದೀಪಕ್ಕೆ ಹಾಕೋದು. ಬ್ಯಾಟರಿಯಿಂದ ಫ್ರಿಜ್‌ಗೆ ಏಳು ಮೀಟರ್, ವಾಪಸ್ ಏಳು. ಈ ಹದಿನಾಲ್ಕು ಮೀಟರ್‌ನಲ್ಲಿ ಸುಮಾರು 0.17 ಓಮ್ ತಡೆ. 5 ಆಂಪಿಯರ್ ಹರಿದರೆ 0.85 ವೋಲ್ಟ್ ದಾರಿಯಲ್ಲೇ ಹೋಯ್ತು, 16 ಆಂಪಿಯರ್ ಹರಿದರೆ 2.7. ಮನೆಯ 230 ವೋಲ್ಟ್‌ನಲ್ಲಿ ಇಷ್ಟು ಹೋದರೆ ಯಾರಿಗೂ ಗೊತ್ತಾಗಲ್ಲ. 12ರಲ್ಲಿ ಹೋದರೆ ಹಾಲು ಒಡೆಯುತ್ತೆ. ಮನೆ ವೈರಿಂಗ್ ಮಾಡಿ ರೂಢಿ ಇದ್ದವರ ಕೈಗೆ ಗಾಡಿ ವೈರಿಂಗ್ ಕೊಟ್ಟರೆ ಹೀಗೇ ಆಗೋದು.

ಕಾವಲಿನ ಮಟ್ಟ ಇಳಿಸಿದರೆ ಫ್ರಿಜ್ ನಿಲ್ಲಲ್ಲ, ನಿಜ. ಬಾಡಿಯವರು ಹೇಳಿದ್ದೂ ಅದನ್ನೇ. ಆದರೆ ಅದು ಸಣ್ಣ ವೈರಿನ ಬಿಸಿ ಮುಚ್ಚಿಟ್ಟ ಹಾಗೆ. ನಾನು ಒಪ್ಪಲಿಲ್ಲ. ಫ್ರಿಜ್‌ಗೆ ಬೇರೆಯೇ 6 ಚದರ ಮಿ.ಮೀ. ವೈರ್, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಉದ್ಯಮಬಾಗ್‌ನಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಮಧ್ಯಾಹ್ನದೊಳಗೆ ಎಳೆದುಕೊಟ್ಟರು. ಈಗ ಎಲ್ಲಾ ಓಡುವಾಗ ಫ್ರಿಜ್ ತುದಿಯಲ್ಲಿ 12.9.

ಇದೇ ಪರೀಕ್ಷೆ ಇನ್ವರ್ಟರ್‌ಗೂ ಮಾಡಿ. 1000 ವ್ಯಾಟ್‌ನ ಇಂಡಕ್ಷನ್ ಒಲೆ ಹಚ್ಚಿದರೆ 12 ವೋಲ್ಟ್ ಕಡೆಯಲ್ಲಿ 90 ಆಂಪಿಯರ್ ಆಸುಪಾಸು ಎಳೆಯುತ್ತೆ. ಅಲ್ಲಿ ಒಂದು ಲಗ್ (ವೈರ್ ತುದಿಗೆ ಒತ್ತಿ ಬೋಲ್ಟ್ ಹಾಕೋ ಲೋಹದ ಕೊಂಡಿ) ಸಡಿಲ ಇದ್ದರೆ ವೋಲ್ಟ್ ಇಳಿಯೋದಷ್ಟೇ ಅಲ್ಲ, ಆ ಲಗ್ ಸುಡುತ್ತೆ. ಐದು ನಿಮಿಷ ಓಡಿಸಿ, ಆರಿಸಿ, ಮುಖ್ಯ ಸ್ವಿಚ್ ಆಫ್ ಮಾಡಿ, ಲಗ್‌ಗಳ ಹತ್ತಿರ ಕೈಯ ಹಿಂಬದಿ ಒಯ್ಯಿರಿ. ಒಂದು ಮಾತ್ರ ಬಿಸಿ ಇದ್ದರೆ ಕಳ್ಳ ಅದೇ.

ಗಾಡಿ ಎಡಕ್ಕೆ ಎಳೆದರೆ

ಎರಡು ಸಲ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿದೆ. ಟೈರ್ ಗಾಳಿ ನೋಡಿದೆ. ಮುಂದಿನ ಎರಡು ಟೈರ್ ಅದಲುಬದಲು ಮಾಡಿಸಿದೆ (ಎಳೆತ ಇನ್ನೊಂದು ಕಡೆಗೆ ಬದಲಾದರೆ ದೋಷ ಟೈರ್‌ದು). ಬದಲಾಗಲಿಲ್ಲ. ನಮ್ಮ ರಸ್ತೆಗಳು ಮಳೆ ನೀರು ಹರಿಯೋಕೆ ಎಡಕ್ಕೆ ಸ್ವಲ್ಪ ಇಳಿಜಾರಾಗಿರುತ್ತವೆ, ಸ್ವಲ್ಪ ಎಡಕ್ಕೆ ಹೋಗೋದು ಎಲ್ಲಾ ಗಾಡಿಗೂ ಇರುತ್ತೆ. ಆದರೆ ಇದು ಕೈ ನೋಯೋ ಅಷ್ಟು ಇತ್ತು.

ಗೊತ್ತಾಗಿದ್ದು ಮುಧೋಳ ದಾರಿಯಲ್ಲಿ. ಟ್ಯಾಂಕಿನ ನೀರು ಪೂರ್ತಿ ಖಾಲಿಯಾಗಿತ್ತು, ಆ ದಿನ ಗಾಡಿ ಅರ್ಧ ಸರಿಯಾಗಿ ಓಡಿತು. ದಾರಿಯಲ್ಲಿ ಕಬ್ಬಿನ ಗಾಡಿ ತೂಗೋ ಕಾಟಾ ಸಿಕ್ಕಿತು. ನಮ್ಮ ಕಡೆ ಇದಕ್ಕೇನು ಬರ? ಕಾಟಾದವನಿಗೆ ವಿಚಿತ್ರ ಅನಿಸಿತು. "ಏನ್ ಲೋಡ್ ಐತ್ರಿ ಸಾಹೇಬ್ರ?" ಅಂದ. "ಮನಿ ಐತಿ" ಅಂದೆ. ನೀರು ತುಂಬಿಸಿಕೊಂಡು ಬಂದು, ಮೊದಲು ಮುಂದಿನ ಗಾಲಿ ಮಾತ್ರ ಹತ್ತಿಸಿ ತೂಗಿಸಿದೆ, ಆಮೇಲೆ ಪೂರ್ತಿ ಗಾಡಿ, ಆಮೇಲೆ ಹಿಂದಿನ ಗಾಲಿ ಮಾತ್ರ. ಕೊನೆಗೆ ಕಾಟಾದವನ ಕೈಕಾಲು ಹಿಡಿದು ಎಡಗಡೆ ಗಾಲಿ ಮಾತ್ರ, ಬಲಗಡೆ ಗಾಲಿ ಮಾತ್ರ. ಎಡಕ್ಕೆ 280 ಕೆ.ಜಿ. ಜಾಸ್ತಿ! 120 ಲೀಟರ್ ನೀರಿನ ಟ್ಯಾಂಕ್, ಎರಡು ಬ್ಯಾಟರಿ, ಫ್ರಿಜ್, ಗ್ಯಾಸ್ ಡಬ್ಬಿ, ಎಲ್ಲಾ ಒಂದೇ ಬದಿಗೆ ಕಟ್ಟಿದ್ದರು. ಬಲಗಡೆ ಬಟ್ಟೆ ಕಪಾಟು ಮತ್ತು ಗಾಳಿ.

ಅಲೈನ್‌ಮೆಂಟ್ ಅಂಗಡಿಯವರು ತೂಕ ನೋಡಲ್ಲ, ಅದು ಅವರ ತಪ್ಪೂ ಅಲ್ಲ. ಬ್ಯಾಟರಿ ಎರಡನ್ನೂ ಬಲಗಡೆ ಸೀಟಿನ ಕೆಳಗೆ ಸಾಗಿಸಿದ ಮೇಲೆ ಮುಕ್ಕಾಲು ಎಳೆತ ಹೋಯ್ತು. ಕಾಟಾ ಚೀಟಿಗಳನ್ನು ಜೋಪಾನ ಇಟ್ಟುಕೊಳ್ಳಿ. ಚಾಸಿ ಪ್ಲೇಟ್ ಮೇಲೆ ಒಟ್ಟು ತೂಕದ ಮಿತಿ, ಆಕ್ಸಲ್ ಮಿತಿ ಬರೆದಿರುತ್ತೆ, ಅದರ ಪಕ್ಕ ಈ ಚೀಟಿ ಇಟ್ಟರೆ ವಾದವೇ ಬೇಕಿಲ್ಲ.

ಸಣ್ಣಪುಟ್ಟದ್ದು

ಎಲ್ಲಾ ನಲ್ಲಿ ಮುಚ್ಚಿದ್ದರೂ ಪಂಪ್ ಆಗಾಗ ತಾನೇ ಗುರ್ ಅಂದರೆ ಎಲ್ಲೋ ಜಿನುಗ್ತಾ ಇದೆ ಅಂತ. ಜಾಯಿಂಟ್ ಜಾಯಿಂಟ್‌ಗೂ ಟಿಶ್ಯೂ ಪೇಪರ್ ಸುತ್ತಿ ಅರ್ಧ ಗಂಟೆ ಬಿಡಿ. ಪಂಪ್ ಓಡಿದರೂ ನೀರು ಬರದಿದ್ದರೆ ಟ್ಯಾಂಕ್ ಮತ್ತು ಪಂಪ್ ನಡುವೆ ಗಾಳಿ ಎಳೀತಿದೆ, ಇಲ್ಲ ಜಾಲರಿ ಕಟ್ಟಿದೆ. ನಮ್ಮದರಲ್ಲಿ ಟ್ಯಾಂಕ್ ಕೊರೆದ ಪ್ಲಾಸ್ಟಿಕ್ ಚೂರು ಹಾಗೇ ಒಳಗೆ ಬಿಟ್ಟಿದ್ದರು. ವಿಜಯಪುರ ಕಡೆ ಸವಳು ನೀರು ತುಂಬಿಸಿದ್ದರೆ ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಿರಿ, ಅದು ಕಂಪನಿ ದೋಷ ಅಲ್ಲ. ಘಾಟ್ ಇಳಿದ ಮೇಲೆ ಸಿಂಕಿನಿಂದ ವಾಸನೆ ಬಂದರೆ ಕೆಳಗಿನ ಬಾಗಿದ ಪೈಪಿನ ನೀರು ತುಳುಕಿ ಹೋಗಿರುತ್ತೆ, ಒಂದು ಲೋಟ ನೀರು ಹಾಕಿ.

ಗ್ಯಾಸ್ ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡೋದು, ಅಷ್ಟೇ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತೆ. ಹಾಗಾಗಿ ಸಿಲಿಂಡರ್ ಇಡೋ ಡಬ್ಬಿಯ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು. ಧೂಳು ಬರುತ್ತೆ ಅಂತ ನಮ್ಮವರು ಅದನ್ನು ಟೇಪ್ ಹಾಕಿ ಮುಚ್ಚಿದ್ದರು! ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಬಾಗಿಲು ತೆಗೆದು, ಎಲ್ಲರೂ ಇಳಿದು, ದೂರ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಯಾರಿಂದ ಮಾಡಿಸಬೇಕು, ಹೇಗೆ ಕೇಳಬೇಕು

ಕ್ಯಾರವಾನ್ ಅಂದರೆ ಒಂದು ಗಾಡಿ ಅಲ್ಲ. ಚಾಸಿ ಒಬ್ಬರದು, ಬಾಡಿ ಒಬ್ಬರದು, ಫ್ರಿಜ್ ಒಬ್ಬರದು, ಇನ್ವರ್ಟರ್ ಮತ್ತೊಬ್ಬರದು. ವಾರಂಟಿಯೂ ಅಷ್ಟೇ ಇರುತ್ತವೆ. ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ. "ಫ್ರಿಜ್ ಕೆಟ್ಟಿದೆ" ಅಂತ ಬರೆದರೆ ನೀವು ಆ ಸುಳಿಗೆ ಬಿದ್ದಿರಿ. "ಬ್ಯಾಟರಿಯಲ್ಲಿ 13.1, ಫ್ರಿಜ್ ತುದಿಯಲ್ಲಿ 10.4, ಪಂಪ್ ಓಡುವಾಗ, ಇಂಥ ತಾರೀಖು, ವಿಡಿಯೋ ಜೊತೆಗಿದೆ" ಅಂತ ಬರೆದ ದಿನ ಬಾಡಿಯವರ ದನಿ ಬದಲಾಯ್ತು. ವೈರ್ ಯಾರು ಎಳೆದದ್ದು ಅಂತ ಅವರಿಗೂ ಗೊತ್ತಲ್ಲ.

ಫೋನ್‌ನಲ್ಲಿ ಎಷ್ಟು ಬೇಕಾದರೂ ಮಾತಾಡಿ, ಆದರೆ ಮಾತಾಡಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಹಾಕಿ. ಶೆಡ್‌ಗೆ ಗಾಡಿ ಬಿಟ್ಟಾಗ ಜಾಬ್ ಕಾರ್ಡ್‌ನಲ್ಲಿ "ಜನರಲ್ ಚೆಕಪ್" ಅಂತ ಬರೀತಾರೆ, ಬಿಡಬೇಡಿ, ನಿಮ್ಮ ದೋಷ ನಿಮ್ಮ ಮಾತಿನಲ್ಲೇ ಬರೆಸಿ. ದೂರದ ಊರಾದರೆ ಇಲ್ಲೇ ರಿಪೇರಿ ಮಾಡಿಸೋಕೆ ಮೊದಲು ಲಿಖಿತ ಒಪ್ಪಿಗೆ ತಗೊಳ್ಳಿ, ಬಿಲ್ ಅವರೇ ಕೊಡ್ತಾರೆ ಅಂತಲೂ ಅದರಲ್ಲಿ ಬರಲಿ. ಒಪ್ಪಿಗೆ ಇಲ್ಲದೆ ಬಿಚ್ಚಿದರೆ "ಹೊರಗಿನವರು ಕೈ ಹಾಕಿದ್ದಾರೆ" ಅಂತ ಕೈ ತೊಳೆದುಕೊಳ್ತಾರೆ. ಬಿಚ್ಚಿ ತೆಗೆದ ಹಳೆ ವೈರ್, ಹಳೆ ಗ್ಲಾಂಡ್ ಎಸೀಬೇಡಿ. ನಮ್ಮ ಮನೆಯ ಅಟ್ಟದ ಮೇಲೆ ಒಂದು ಚೀಲ ಇದೆ, ಹೆಂಡತಿಗೆ ಅದನ್ನು ಕಂಡರೆ ಆಗಲ್ಲ.

ಮಾತಿಗೆ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ನಮ್ಮ ಮೂರೂ ಜಿಲ್ಲೆಯಲ್ಲಿದೆ. 2019ರ ಕಾಯ್ದೆ ಪ್ರಕಾರ ನೀವು ಇರೋ ಊರಲ್ಲೇ ದೂರು ಹಾಕಬಹುದು, ಕಂಪನಿ ಇರೋ ಊರಿಗೆ ಅಲೀಬೇಕಿಲ್ಲ. ಕೊಟ್ಟ ದುಡ್ಡು 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ನಡೆಯುತ್ತೆ, 20ರಿಂದ 50 ಲಕ್ಷದ ಗಾಡಿಗೆ ಶುಲ್ಕ 1000 ರೂಪಾಯಿ. ದೋಷ ಕಂಡ ಮೇಲೆ ಎರಡು ವರ್ಷದೊಳಗೆ ಹೋಗಬೇಕು. ನಾನು ಅಲ್ಲಿವರೆಗೆ ಹೋಗಲಿಲ್ಲ. ಹೋಗೋಕೆ ಕಾಗದ ಎಲ್ಲಾ ತಯಾರಿದೆ ಅಂತ ಅವರಿಗೆ ಗೊತ್ತಾದದ್ದೇ ಸಾಕಾಯ್ತು.

ಈಗ ಉಳಿದದ್ದು ಒಂದು ಟಕ್ ಟಕ್ ಸದ್ದು. ಗುಳೇದಗುಡ್ಡದಿಂದ ಬಾದಾಮಿ ಕಡೆ ಹೋಗುವಾಗ ಎದ್ದದ್ದು ಇನ್ನೂ ನಿಂತಿಲ್ಲ. ಮಗಳು ಹಿಂದೆ ಕೂತು ಕಪಾಟು, ಬಾಗಿಲು ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡೀತಾಳೆ, ನಾನು ನಿಧಾನ ಓಡಿಸ್ತೀನಿ, ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತೋ ನೋಡೋದು. ಹಾಸಿಗೆ ಹತ್ತಿರ ಕೇಳಿಸುತ್ತೆ. ಹಾಗಾಗಿ ಈ ಭಾನುವಾರ ಮುಂದಿನ ಬಾಗಿಲಿನಿಂದ ಹುಡುಕೋಕೆ ಶುರು ಮಾಡ್ತೀನಿ.